ನಾನು ಸಹಿ ಹಾಕಿಕೊಟ್ಟ ಶುದ್ಧ ನೀರು

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಅಲಮಾರಿಯಲ್ಲಿರುವ ಶಂಖವನ್ನು ನೋಡಿ, "ಸಾರ್, ಕಡಲ ವಿಷದ ಮೇಲೆ ಇಷ್ಟು ವರ್ಷ ಕೆಲಸ ಮಾಡಿದಿರಲ್ಲ, ಮೊದಲು ಯಾವ ಸಮುದ್ರದಲ್ಲಿ ಶುರು ಮಾಡಿದಿರಿ?" ಎಂದು ಕೇಳುತ್ತಾರೆ. ಹುಣಸೂರು ತಾಲ್ಲೂಕಿನಲ್ಲಿ ಎನ್ನುತ್ತೇನೆ. ನಗುತ್ತಾರೆ. ನಾನು ತಮಾಷೆ ಮಾಡುವ ಆಸಾಮಿಯಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಕಡಲಿಗೆ ನಾನು ಹೋದದ್ದು ಬಹಳ ತಡವಾಗಿ. ಕೆಂಪಗೆ ತಿರುಗಿದ ನೀರು, ತಿಂದವರ ತುಟಿ ಜೋಮು ಹಿಡಿಸುವ ಚಿಪ್ಪುಮೀನು, ಅದೆಲ್ಲ ಆಮೇಲಿನ ಕಥೆ. ಅದನ್ನು ಪುಸ್ತಕದಲ್ಲಿ ಬರೆದಿದ್ದೇನೆ, ಪುಸ್ತಕವನ್ನು ಯಾರೂ ಓದಿಲ್ಲ. ಪಾಚಿ ಎಂದರೇನು, ವಿಷ ಎಂದರೇನು, ವರದಿ ಎಂದರೇನು ಎಂಬುದನ್ನು ನಾನು ಕಲಿತದ್ದು ಐವತ್ತರ ದಶಕದಲ್ಲಿ, ಸಮುದ್ರ ಹೇಗಿರುತ್ತದೆ ಎಂದು ನೋಡುವ ಮುಂಚೆ, ಕೆರೆಗಳ ದಡದಲ್ಲಿ.

ಆಗ ಮೈಸೂರಿನಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಸರ್ಕಾರಿ ಪ್ರಯೋಗಾಲಯವಿತ್ತು. ಮೂರು ಕೋಣೆ, ಒಂದು ಸೂಕ್ಷ್ಮದರ್ಶಕ, ಇಪ್ಪತ್ತು ಮೂವತ್ತು ಬಿಳಿ ಇಲಿ. ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಅಟೆಂಡರ್ ಚೆಲುವಯ್ಯ, ಐವತ್ತು ದಾಟಿದ ಮನುಷ್ಯ. ನಮ್ಮೆಲ್ಲರನ್ನು ನೋಡಿಕೊಳ್ಳುತ್ತಿದ್ದವರು ಅಚ್ಯುತರಾಯರು, ನನ್ನ ಮೇಲಧಿಕಾರಿ. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನ ಕೆರೆಕಟ್ಟೆಗಳಲ್ಲಿ ಯಾವ ಯಾವ ಪಾಚಿ ಇದೆ ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಪಟ್ಟಿ ಯಾರಿಗೆ ಬೇಕಾಗಿತ್ತು ಎಂದು ಇವತ್ತಿಗೂ ಗೊತ್ತಾಗಿಲ್ಲ.

ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಬಿಳಿಕೆರೆಯಲ್ಲಿ ಬಸ್ಸು ನಿಂತಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಿದ್ದರು, "ಏನ್ ಸ್ವಾಮಿ, ಆರ್ಮೋನಿಯಾನಾ?" ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ಹೌದು ಅನ್ನತೊಡಗಿದೆ. ಒಮ್ಮೆ ಮಾತ್ರ ಒಬ್ಬರು ಬಾರಿಸಿ ಅಂತ ಹಟ ಹಿಡಿದರು.

ಮೊದಲ ವರ್ಷದ ಎಡವಟ್ಟನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಚುಂಚನಕಟ್ಟೆಯ ಹತ್ತಿರ ಒಂದು ಊರಿನ ಕಟ್ಟೆಯ ನೀರು ತಂದೆ. ಪಾಚಿ ಕೆಡದಿರಲೆಂದು ಕಾಲೇಜಿನಲ್ಲಿ ಹೇಳಿಕೊಟ್ಟಂತೆ ಬಾಟಲಿಗೆ ಫಾರ್ಮಲಿನ್ ಹಾಕಿದೆ. ಮಾರನೆಯ ದಿನ ಅದೇ ನೀರನ್ನು ಮೂರು ಇಲಿಗೆ ಸೂಜಿಯಲ್ಲಿ ಚುಚ್ಚಿದೆ. ಮೂರೂ ಸತ್ತವು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಅತ್ಯಂತ ವಿಷಕಾರಿ" ಎಂದು ವರದಿ ಬರೆದೆ. ಊರಿನವರು ಕಟ್ಟೆಗೆ ಮುಳ್ಳು ಬಡಿದು, ಹತ್ತು ದಿನ ಕಾವೇರಿ ಹೊಳೆಯಿಂದ ನೀರು ಹೊತ್ತರು. ಹನ್ನೊಂದನೆಯ ದಿನ ಅಚ್ಯುತರಾಯರು ಆ ಬಾಟಲಿಯ ಮುಚ್ಚಳ ತೆಗೆದು ಮೂಸಿದರು.

"ಏನಯ್ಯಾ ಇದು?"

"ಕಟ್ಟೆ ನೀರು ಸಾರ್."

"ಹೆಣ ಕೆಡದ ಹಾಗೆ ಇಡೋ ಔಷಧ ಕಣಯ್ಯ ಇದು. ಇಲಿ ಸಾಯದೆ ಸಂಗೀತ ಹಾಡುತ್ತಾ?"

ಕ್ಷಮೆ ಕೇಳಲು ಆ ಊರಿಗೆ ಹೋದೆ. ಒಬ್ಬ ಅಜ್ಜಿ ಬೇಜಾರೇ ಮಾಡಿಕೊಳ್ಳಲಿಲ್ಲ. "ಓಗ್ಲಿ ಬುಡು ಮಗ, ಒಳೆ ನೀರ್‍ನಲ್ಲಿ ಬೇಳೆ ಚೆಂದಾಗಿ ಬೆಂತು" ಎಂದಳು. ಕಚೇರಿಯವರು ಅಷ್ಟು ಸುಲಭವಾಗಿ ಬಿಡಲಿಲ್ಲ. ನನಗೆ ಇಲಿಪಾಷಾಣ ಎಂದು ಹೆಸರಿಟ್ಟರು. ಚೆಲುವಯ್ಯ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಸತ್ತ ಮೂರರಲ್ಲಿ ಒಂದಕ್ಕೆ ಅವರು ದಿನಾ ಹುರಿಗಡಲೆ ತಿನ್ನಿಸುತ್ತಿದ್ದರಂತೆ.

ಅದಾದ ಎರಡನೆಯ ಬೇಸಿಗೆ, ಹುಣಸೂರಿಗೂ ಹೆಗ್ಗಡದೇವನಕೋಟೆಗೂ ನಡುವೆ ಕಾಡಂಚಿನ ಒಂದು ಊರಿನಿಂದ ಕಾಗದ ಬಂತು. ಊರಿನ ಹೆಸರು ಬೇಡ. ನಾಲ್ಕು ದಿನದಲ್ಲಿ ಒಂಬತ್ತು ದನ, ಎರಡು ಎಮ್ಮೆ ಕೆರೆಯ ನೀರು ಕುಡಿದು ಬಂದು ಬಿದ್ದು ಸತ್ತಿದ್ದವು. ಪಶುವೈದ್ಯರು ಹೋಗುವ ಹೊತ್ತಿಗೆ ಹೂತೂ ಆಗಿತ್ತು. ನೀರು ಪರೀಕ್ಷೆ ಮಾಡಿ ಎಂದು ನನ್ನನ್ನು ಕಳಿಸಿದರು. ಮುಂಚಿತವಾಗಿ ಪಟೇಲರಿಗೆ ಕಾಗದ ಹಾಕಿ, ಇಂಥ ದಿನ ಬರುತ್ತೇನೆ ಎಂದು ತಿಳಿಸಿದೆ. ಅದು ನಿಯಮ.

ಆ ಊರಿನ ಮರ್ಯಾದೆಯನ್ನು ನಾನು ಮರೆಯುವ ಹಾಗಿಲ್ಲ. ಕೆರೆಯ ಮೆಟ್ಟಿಲಿಗೆ ಮಾವಿನ ತೋರಣ ಕಟ್ಟಿದ್ದರು. ಏರಿಯ ಮೇಲೆ ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದರು. ಪಟೇಲ ಶಿವನಂಜಪ್ಪನವರು ಹಣೆ ತುಂಬ ವಿಭೂತಿ ಧರಿಸಿ, ಎಳನೀರು ಹಿಡಿದು ನಿಂತಿದ್ದರು. ಸತ್ತ ಎತ್ತುಗಳಲ್ಲಿ ಒಂದು ಜೊತೆ ಅವರದೇ. ಮೆಟ್ಟಿಲ ಬುಡದಲ್ಲಿ ನೀರು ಕನ್ನಡಿಯ ಹಾಗಿತ್ತು. ತಳದ ಕಲ್ಲು ಕಾಣುತ್ತಿತ್ತು.

"ನೀರು ಯಾವಾಗಲೂ ಹೀಗೇ ಇರುತ್ತದೆಯೇ?" ಎಂದೆ.

"ಯಾವಾಗ್ಲೂ ಇಂಗೇಯ ಸ್ವಾಮಿ" ಎಂದರು ಪಟೇಲರು.

ಮೂರು ಬಾಟಲಿ ತುಂಬಿದೆ. ಫಾರ್ಮಲಿನ್ ಹಾಕಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಸೂಕ್ಷ್ಮದರ್ಶಕದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಇಲಿಗಳು ಕುಡಿದು ಹಾಯಾಗಿದ್ದವು. "ನೀರು ಶುದ್ಧವಾಗಿದೆ, ದನಗಳ ಸಾವಿಗೆ ನೀರಿನಲ್ಲಿ ಸಹಜವಾದ ಕಾರಣವೇನೂ ಇಲ್ಲ, ಗ್ರಾಮಸ್ಥರು ಕೆರೆಯನ್ನು ಇಟ್ಟುಕೊಂಡಿರುವ ಚೊಕ್ಕಟತನ ಇತರರಿಗೆ ಮಾದರಿ" ಎಂದು ಬರೆದು ಸಹಿ ಹಾಕಿದೆ. ಕೊನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ಖುಷಿಗೆ ಸೇರಿಸಿದೆ.

ಮೂರು ವಾರದ ಮೇಲೆ ಪಿರಿಯಾಪಟ್ಟಣದ ಕಡೆ ಹೊರಟವನು ಹುಣಸೂರಿನ ಮುಸಾಫಿರ್ ಬಂಗಲೆಯಲ್ಲಿ ಇಳಿದುಕೊಂಡಿದ್ದೆ. ಬೆಳಿಗ್ಗೆ ಮುಖ ತೊಳೆಯಲು ಹೊರಗೆ ಬಂದರೆ, ಅಂಗಳದ ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಕಾವಲುಗಾರ ಓಡಿಸಿದರೆ ಗೇಟಿನ ತನಕ ಹೋಗುತ್ತಾಳೆ, ಅವನು ತಿರುಗಿದ ಕೂಡಲೇ ವಾಪಸು ಬಂದು ಕೂರುತ್ತಾಳೆ. ಹೆಸರು ಬೋಳಮ್ಮ. ಆ ಊರಿನ ಪಕ್ಕದ ಹಾಡಿಯವಳು. ಹಾಡಿ ಎಂದರೆ ಕಾಡಂಚಿನಲ್ಲಿ ಕಾಡುಕುರುಬರು ಗುಡಿಸಲು ಕಟ್ಟಿಕೊಂಡಿರುವ ಜಾಗ. ಅಲ್ಲಿಂದ ನಡೆದೇ ಬಂದಿದ್ದಳು.

"ನೀವೇ ಅಲ್ವಾ ಬುದ್ಧಿ, ಕೆರೆ ನೀರು ಚೆಂದಾಗದೆ ಅಂತ ಬರ್ದೋರು?"

"ಹೌದು ಕಣಮ್ಮ."

"ಆ ಕಾಗ್ದ ವಾಪಸ್ ಇಸ್ಕೊಳ್ಳಿ. ಅದ್ರಿಂದ ನಮ್ ಬೊಮ್ಮನ್ನ ಇಡ್ಕಂಡೋಗವ್ರೆ."

ಬೊಮ್ಮ ಅವಳ ಗಂಡ. ಅವಳು ಹೇಳಿದ್ದನ್ನು ಜೋಡಿಸಿಕೊಂಡಾಗ ವಿಷಯ ಹೀಗಿತ್ತು. ನೀರಿನಲ್ಲಿ ಏನೂ ಇಲ್ಲ ಎಂದು ಮೈಸೂರಿನ ಸಾಹೇಬರೇ ಬರೆದ ಮೇಲೆ, ಯಾರೋ ಬೇಕೆಂದೇ ವಿಷ ಹಾಕಿರಬೇಕು ಎಂದಾಯಿತು. ಯಾರು? ಹಾಡಿಯವರು ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿ ಮೀನು ಮತ್ತೇರಿಸಿ ಹಿಡಿಯುತ್ತಾರೆ, ಇದು ಎಲ್ಲರಿಗೂ ಗೊತ್ತು. ಬೊಮ್ಮನ ಗುಡಿಸಲಿನಲ್ಲಿ ಅರ್ಧ ಬುಟ್ಟಿ ಕಾರೆಕಾಯಿ ಸಿಕ್ಕಿತು. ಮುಗಿಯಿತು. ಠಾಣೆಯಲ್ಲಿ ಎಂಟು ದಿನ ಇಟ್ಟುಕೊಂಡು, ಆಮೇಲೆ ಹುಣಸೂರಿನ ಸಬ್‌ಜೈಲಿಗೆ ಹಾಕಿದ್ದರು. ಕೇಸು ನಿಂತರೆ ವರ್ಷಗಟ್ಟಲೆ ಒಳಗೆ. ಹಾಡಿಯನ್ನೇ ಕಿತ್ತು ಓಡಿಸಿ ಎಂದು ಊರಿನಲ್ಲಿ ಮಾತು ಬೇರೆ ನಡೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ; ಕಬ್ಬಿಣ ಕಾಯಿಸಿ ಕೊಟ್ಟವನು ನಾನು.

"ಒಳೆ ಮಡೂಗ್ ಆಕಿದ್ದ, ಇಲ್ಲ ಅನ್ನಕಿಲ್ಲ. ಕೆರೆಗ್ ಆಕಿಲ್ಲ ಬುದ್ಧಿ. ಕೆರೇಲಿ ನಾವೂ ಕುಡಿಯಾಕಿಲ್ವಾ?"

ನಾನು ವಿಜ್ಞಾನಿಯ ಗತ್ತಿನಲ್ಲಿ ಹೇಳಿದೆ, "ನೋಡಮ್ಮ, ನಾನು ಕಣ್ಣಾರೆ ನೋಡಿ ಬರೆದದ್ದು. ನೀರಿನಲ್ಲಿ ಏನೂ ಇರಲಿಲ್ಲ."

"ಎಂಗಿರ್‍ತದೆ ಬುದ್ಧಿ? ನಾವೇ ಅಲ್ವಾ ಎತ್ತಾಕಿದ್ದು."

"ಏನನ್ನು?"

"ಅಸ್ರು ಕೆನೆ. ಮೆಟ್ಲತಾವ ಮೊಣಕಾಲುದ್ದ ಕಟ್ಕಂಡಿತ್ತು, ಗಬ್ಬುನಾತ. ಸಾಹೇಬ್ರು ಬತ್ತಾರೆ, ಕೊಳಕು ನೋಡುದ್ರೆ ಬಯ್ತಾರೆ ಅಂತ ಪಟೇಲ್ರು ನಮ್ಮುನ್ನ ಕರ್ಸುದ್ರು. ನಾನೂ ಬೊಮ್ಮನೂ ಎಲ್ಡು ದಿನ ಮಂಕ್ರೀಲಿ ಮೊಗ್ದು ಮೊಗ್ದು ತಿಪ್ಪೆಗ್ ಆಕುದ್ವಿ. ನೋಡಿ ಕೈಯ್ಯ."

ತೋಳು ಚಾಚಿದಳು. ಮೊಣಕೈ ತನಕ ಚರ್ಮ ಸುಲಿದು ಕೆಂಪು ಗಂದೆ ಎದ್ದಿತ್ತು.

ನಾನು ಬಂಗಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಥ ಹಸಿರು ಪಾಚಿಯ ಕೆನೆ ಕುಡಿದು ದನ ಸತ್ತದ್ದನ್ನು ಪರದೇಶದ ಪತ್ರಿಕೆಗಳಲ್ಲಿ ಓದಿದ್ದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದರ ಎದುರು ದಡಕ್ಕೆ ಹೋಗಿ ಅದು ಹೆಪ್ಪುಗಟ್ಟುತ್ತದೆ, ಕೆರೆಯ ಉಳಿದ ಭಾಗ ತಿಳಿಯಾಗಿರುತ್ತದೆ ಎಂಬುದೂ ಗೊತ್ತಿತ್ತು. ಆ ಕೆರೆಯಲ್ಲಿ ದನ ಇಳಿಯುವ ಜಾಗವೂ ಮೆಟ್ಟಿಲೂ ಒಂದೇ ಕಡೆ, ಗಾಳಿ ಹೋಗಿ ಬಡಿಯುವ ಕಡೆ. ಎಲ್ಲಾ ಗೊತ್ತಿದ್ದವನು ತೋರಣ ನೋಡಿಕೊಂಡು ನಿಂತಿದ್ದೆ. ಒಬ್ಬ ನಿರಪರಾಧಿಯನ್ನು ಬಿಡಿಸಬಹುದಾಗಿದ್ದ ಸಾಕ್ಷಿಯನ್ನು ಅವನ ಕೈಯಿಂದಲೇ ಬಳಿಸಿ ಹಾಕಿಸಿದ್ದರು, ನನ್ನ ಗೌರವಕ್ಕೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಪಿರಿಯಾಪಟ್ಟಣ ಕೈಬಿಟ್ಟು ಆವತ್ತೇ ಅವಳ ಜೊತೆ ಆ ಊರಿಗೆ ಹೋದೆ, ಕಾಗದ ಹಾಕದೆ. ತೋರಣ ಇರಲಿಲ್ಲ. ಕೆನೆಯೂ ಇರಲಿಲ್ಲ, ನಡುವೆ ಎರಡು ಜೋರು ಮಳೆ ಬಿದ್ದು, ಕೆರೆಗೆ ಕೆಂಪು ನೀರು ಬಂದಿತ್ತು. ಉಳಿದದ್ದು ತಿಪ್ಪೆ. ಮೇಲಿನ ಸೊಪ್ಪುಸದೆ ಸರಿಸಿದರೆ ಒಳಗೆ ಒಣಗಿ ಹಪ್ಪಳದಂತಾದ ಹಸಿರು ಪದರ ಸಿಕ್ಕಿತು. ಪಟೇಲರು ಓಡಿ ಬಂದರು. ಸಾಹೇಬರು ತಿಪ್ಪೆ ಕೆದಕುವುದನ್ನು ನೋಡಿ ಅವರಿಗೆ ಏನು ಮಾಡಬೇಕೆಂದು ತೋಚಲಿಲ್ಲ.

"ಇದ್ಯಾಕ್ ಸ್ವಾಮಿ, ಆಳ್ ಕರ್ಸ್ತಿದ್ನಲ್ಲಾ!"

"ಪಟೇಲರೇ, ನಾನು ಬರುವ ಮುಂಚೆ ಕೆರೆಯಲ್ಲಿ ಇದು ಇತ್ತೇ?"

"ಇತ್ತು. ಕಸ ಅಲ್ವಾ ಅದು? ನೀವ್ ಕೇಳಿದ್ದು ನೀರಿನ್ ಇಚಾರ."

ಸುಳ್ಳು ಹೇಳಿದವರಲ್ಲ ಅವರು. ಮನೆಗೆ ನೆಂಟರು ಬರುವಾಗ ಅಂಗಳ ಗುಡಿಸಿದ ಹಾಗೆ ಗುಡಿಸಿದ್ದರು. ತಿಪ್ಪೆಯನ್ನು ಕೆದಕಿದ ಕೋಳಿ ಏನಾದರೂ ಸತ್ತವೇ ಎಂದು ಕೇಳಿದೆ. "ಐದಾರು ಓದ್ವು. ಅದು ಕೋಳಿಗ್ ಬರೋ ಕೊಕ್ಕರೆ ರೋಗ ಬುಡಿ" ಎಂದರು. ಹಸಿರು ಪದರವನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡೆ. ಬಾಟಲಿಗೆ ಹಾಕಲಿಲ್ಲ. ಬಾಟಲಿ ಎಂದ ಕೂಡಲೇ ನಮ್ಮ ಕಚೇರಿಯಲ್ಲಿ ಮೂಗು ಮುಂದೆ ಬರುತ್ತಿತ್ತು.

ಅಚ್ಯುತರಾಯರು ಎಲ್ಲಾ ಕೇಳಿ, ಕನ್ನಡಕ ಒರೆಸಿಕೊಂಡರು. "ಇಲಿಗೆ ಚುಚ್ಚಿ, ಸತ್ತಿತು ಅಂತ ಬಂದು ಹೇಳಬೇಡ. ನಿನ್ನ ಇಲಿ ಸತ್ತದ್ದನ್ನು ಈ ಕಟ್ಟಡದಲ್ಲಿ ಯಾರೂ ನಂಬಲ್ಲ. ನನ್ನ ಮೇಜಿನ ಮೇಲೆ, ನನ್ನ ಮುಂದೆ ಮಾಡು. ದನಕ್ಕೆ ಯಾರೂ ಸೂಜಿ ಹಾಕಲಿಲ್ಲ. ಕುಡಿಸು."

ಈಗ ನಿಮಗೆ ಯಂತ್ರಗಳಿವೆ. ಇಷ್ಟು ತೂಕದ ವಿಷ, ಇಂಥ ಹೆಸರಿನದು ಎಂದು ಚೀಟಿ ಬರುತ್ತದೆ. ನಮಗೆ ಇಲಿಯೇ ಯಂತ್ರ. ಮೂರು ಇಲಿ ತೆಗೆದುಕೊಂಡೆವು. ಒಂದಕ್ಕೆ ತಿಪ್ಪೆಯ ಕೆನೆ ನೆನೆಸಿದ ನೀರು. ಇನ್ನೊಂದಕ್ಕೆ ಬರೀ ನಲ್ಲಿ ನೀರು, ರಾಯರೇ ಹಿಡಿದು ತಂದದ್ದು. ಮೂರನೆಯದಕ್ಕೆ ಏನೆಂದು ನಾನು ಯೋಚಿಸಿರಲಿಲ್ಲ. "ಕಾರೆಕಾಯಿ ರಸ ಕುಡಿಸಯ್ಯ. ಪೊಲೀಸರು ಕೇಳೋದು ಅದನ್ನೇ" ಎಂದರು ರಾಯರು. ಆ ಮನುಷ್ಯ ನನ್ನನ್ನು ಎಷ್ಟೋ ಸಲ ಬೈದಿದ್ದಾರೆ. ಆ ಒಂದು ಮಾತಿಗಾಗಿ ಎಲ್ಲವನ್ನೂ ಮನ್ನಿಸಿದ್ದೇನೆ.

ಹನ್ನೊಂದು ಗಂಟೆಗೆ ಕುಡಿಸಿದೆವು. ರಾಯರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಫೈಲು ನೋಡುತ್ತಾ ಕೂತರು. ಚೆಲುವಯ್ಯ ಬಾಗಿಲಲ್ಲಿ ನಿಂತು ಮೂರಕ್ಕೂ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಿದ್ದರು. ನಾನು ಒಂದು ಸಾಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಎರಡು ಗಂಟೆಗೆ ಮೊದಲನೆಯದು ರೋಮ ನಿಮಿರಿಸಿಕೊಂಡು ಮೂಲೆ ಸೇರಿತು. ಮೂರೂಕಾಲಿಗೆ ಮಗ್ಗುಲಾಯಿತು. ಕೊಯ್ದು ನೋಡಿದರೆ ಪಿತ್ತಕೋಶದ ಸುತ್ತ ಯಕೃತ್ತು ಕಪ್ಪಗೆ ಊದಿಕೊಂಡಿತ್ತು. ನಲ್ಲಿ ನೀರಿನದು ಪಂಜರ ಕಡಿಯುತ್ತಿತ್ತು. ಕಾರೆಕಾಯಿ ಕುಡಿದದ್ದು ಒಂದಷ್ಟು ಹೊತ್ತು ಮೂತಿ ಉಜ್ಜಿಕೊಂಡು, ಆಮೇಲೆ ಹುರಿಗಡಲೆ ತಿಂದಿತು.

"ಸರಿ, ಪಾಚಿಯದೇ ಕೆಲಸ" ಎಂದರು ರಾಯರು. ಆಮೇಲೆ ಗಡಿಯಾರ ಕಟ್ಟಿಕೊಂಡು, "ಆದರೆ ಒಂದು ಕೆರೆಗೆ ಎರಡು ವರದಿ ಕೊಟ್ಟ ಚರಿತ್ರೆ ಈ ಕಚೇರಿಗಿಲ್ಲ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಒಂದು ವಾಕ್ಯವನ್ನು ಅವರೇ ಹೇಳಿ ಬರೆಸಲು ಹೊರಟರು: "ಪರೀಕ್ಷೆಯ ನಂತರದ ದಿನಗಳಲ್ಲಿ ನೀರಿನ ಗುಣದಲ್ಲಿ ಬದಲಾವಣೆ ಕಂಡುಬಂದಿದೆ."

"ನಂತರ ಅಂತ ಬರೆದರೆ ದನ ಸತ್ತಾಗ ನೀರು ಚೆನ್ನಾಗಿತ್ತು ಅಂತಲೇ ಆಗುತ್ತದೆ ಸಾರ್. ಅವನು ಒಳಗೇ ಇರುತ್ತಾನೆ."

"ಮತ್ತೇನು ಬರೀತೀಯ? ಸರ್ಕಾರಿ ಪ್ರಯೋಗಾಲಯಕ್ಕೆ ಕಣ್ಣು ಕಾಣಲಿಲ್ಲ ಅಂತಲಾ?"

"ಪ್ರಯೋಗಾಲಯಕ್ಕಲ್ಲ. ನನಗೆ ಕಾಣಲಿಲ್ಲ ಅಂತ."

ನನ್ನ ದನಿ ಎತ್ತರವಾಗಿತ್ತು. ಪಕ್ಕದ ಕೋಣೆಯಲ್ಲಿ ಟೈಪು ಹೊಡೆಯುವ ಸದ್ದು ನಿಂತಿತು. ರಾಯರು ನನ್ನನ್ನು ದಿಟ್ಟಿಸಿ ನೋಡಿ, ಕಾಗದವನ್ನು ನನ್ನ ಕಡೆ ತಳ್ಳಿದರು. "ಬರಿ. ನಿನ್ನ ಹೆಸರಿನಲ್ಲಿ ಹೋಗುತ್ತೆ. ತಲೆ ನಿನ್ನದು, ಕಲ್ಲೂ ನಿನ್ನದೇ."

ಬರೆದೆ. ನಾನು ಹೋಗುವ ಮುಂಚೆ ಕೆನೆ ತೆಗೆಯಲಾಗಿತ್ತು. ತೆಗೆದಿದ್ದಾರೆಯೇ ಎಂದು ನಾನು ಕೇಳಲಿಲ್ಲ. ಗಾಳಿಯ ದಿಕ್ಕು ನೋಡಲಿಲ್ಲ. ಕೆರೆಯ ಸುತ್ತ ನಡೆಯಲಿಲ್ಲ. ಆದ್ದರಿಂದ ಮೊದಲನೆಯ ವರದಿ ತಪ್ಪು. ಇಂಗ್ಲಿಷಿನಲ್ಲಿ ಬರೆದಾಗ ಸ್ವಲ್ಪ ಕಡಿಮೆ ನಾಚಿಕೆಯಾಯಿತು. ಆಮೇಲೆ ತಾಲ್ಲೂಕಿನ ಅಮಲ್ದಾರರಿಗೆ ಬೇಕಾದೀತೆಂದು ಕನ್ನಡದಲ್ಲೂ ಬರೆದೆ. ಕೆಳಗೆ ರಾಯರು "ಪರೀಕ್ಷೆ ನನ್ನ ಎದುರು ನಡೆಯಿತು" ಎಂದು ಬರೆದು ಸಹಿ ಹಾಕಿದರು. ಹಾಕುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಇದರಿಂದ ನನ್ನ ಬಡ್ತಿಗೆ ಏನಾಯಿತು ಎಂಬುದು ಇಲ್ಲಿ ಬೇಡ, ಅದು ಬೇಜಾರಿನ ವಿಷಯ.

ಟಪಾಲಿಗೆ ಹಾಕಿದರೆ ತಡವಾದೀತೆಂದು ನಾನೇ ಹುಣಸೂರಿಗೆ ತೆಗೆದುಕೊಂಡು ಹೋದೆ. ಆ ಕಾಲದಲ್ಲಿ ಅಮಲ್ದಾರರಿಗೇ ಮ್ಯಾಜಿಸ್ಟ್ರೇಟರ ಅಧಿಕಾರವಿತ್ತು. ಅವರು ಎರಡು ವರದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನಿಧಾನವಾಗಿ ಓದಿದರು.

"ಎರಡರಲ್ಲೂ ನಿಮ್ಮದೇ ಸಹಿ."

"ಹೌದು ಸಾರ್."

"ಇದರಲ್ಲಿ ಚೊಕ್ಕಟತನ ಮಾದರಿ ಅಂದಿದ್ದೀರಿ."

"ಅದೇ ತಪ್ಪಾಗಿದ್ದು ಸಾರ್."

ಪಕ್ಕದಲ್ಲಿದ್ದ ಪೊಲೀಸ್ ಅಧಿಕಾರಿ, "ಇಲಿ ಸತ್ತಿತು ಅಂತ ಆಸಾಮೀನ ಬಿಟ್ಟುಬಿಡೋದಾ?" ಎಂದು ಗೊಣಗಿದರು. "ಇಲಿ ಬದುಕಿತ್ತು ಅಂತ ತಾನೇ ಹಿಡಿದದ್ದು" ಎಂದು ಹೇಳಿ ಅಮಲ್ದಾರರು ಬಿಡುಗಡೆಯ ಹುಕುಂ ಬರೆದರು.

ಸಬ್‌ಜೈಲಿನ ಬಾಗಿಲಲ್ಲಿ ನಾನೂ ಬೋಳಮ್ಮನೂ ಕಾದೆವು. ಮಧ್ಯಾಹ್ನದ ಬಿಸಿಲು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ನಾಲ್ಕಾರು ಸಲ ಜೋಡಿಸಿಕೊಂಡೆ. ಬೊಮ್ಮ ಹೊರಗೆ ಬಂದ. ನನ್ನ ವಯಸ್ಸಿನವನೇ. ಎಡಗಾಲು ಎಳೆಯುತ್ತಿದ್ದ, ಹೋಗುವಾಗ ಎಳೆಯುತ್ತಿರಲಿಲ್ಲವಂತೆ. ಹೆಂಡತಿಯನ್ನು ನೋಡಿದ, ಪಕ್ಕದಲ್ಲಿ ಪ್ಯಾಂಟು ಕೋಟಿನ ನನ್ನನ್ನು ನೋಡಿದ, ಅಲ್ಲೇ ನಿಂತ.

ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು. ಕೈ ಮುಗಿದು, "ತಪ್ಪು ನನ್ನದು ಬೊಮ್ಮ. ನಾನು ಸರಿಯಾಗಿ ನೋಡದೆ ಬರೆದುಬಿಟ್ಟೆ. ತಪ್ಪಾಯಿತು" ಎಂದೆ.

ಅವನ ಮುಖ ಬಿಳಿಚಿಕೊಂಡಿತು. ಅಧಿಕಾರಿಗಳು ತನ್ನ ಮುಂದೆ ಕೈ ಮುಗಿಯುವುದನ್ನು ಅವನು ಕಂಡಿರಲಿಲ್ಲ. ಇದು ಇನ್ನೇನೋ ಹೊಸ ವಿಚಾರಣೆ ಎಂದು ತಿಳಿದಿರಬೇಕು. ಆ ಕಾಲಿನಲ್ಲೇ ನೆಲಕ್ಕೆ ಕುಸಿದು, ನನ್ನ ಬೂಟಿನ ಮುಂದಿನ ಮಣ್ಣು ಮುಟ್ಟಿ, "ತೆಪ್ಪಾಯ್ತು ಬುದ್ಧಿ, ನಂದೇ ತೆಪ್ಪಾಯ್ತು, ಇನ್ಮ್ಯಾಕೆ ಇಂಗ್ ಮಾಡಾಕಿಲ್ಲ, ತೆಪ್ಪಾಯ್ತು" ಎಂದು ಒಂದೇ ಸಮನೆ ಹೇಳತೊಡಗಿದ. ಒಳಗೆ ಅದನ್ನು ಎಷ್ಟು ಸಲ ಹೇಳಿಸಿದ್ದರೋ.

ಬೋಳಮ್ಮ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಅವನ ಮಂಡಿಯ ಮಣ್ಣು ಕೊಡವಿದಳು.

"ನೀ ಯಾಕಂತೀಯೆ, ಸುಮ್ಕಿರು" ಎಂದಳು. "ಅವ್ರು ಅನ್ಲಿ."

ಇಬ್ಬರೂ ನನ್ನ ಕಡೆ ನೋಡುತ್ತಾ ನಿಂತರು. ನಾನು ಇನ್ನೊಂದು ಸಲ ಅಂದೆ.